ಲಂಗರು ಮಾರ್ಕಿನ ಲೆಕ್ಕ

ಬೊಕ್ಕಪಟ್ಣದ ದಕ್ಕೆಯಲ್ಲಿ ಅಪ್ಪ ಕೊಡೆ ಬಿಡಿಸದೆ ನಿಲ್ಲುತ್ತಿದ್ದರು,
ನೆತ್ತಿ ಸುಡುವ ಬಿಸಿಲಿದ್ದರೂ.
ಬಿಡಿಸಿದರೆ, ಇವನು ಇಲ್ಲೇ ಇರುವವನು ಎಂದು ತಿಳಿದುಬಿಡುತ್ತದೆ;
ಮಡಚಿಕೊಂಡವನು ಈಗಷ್ಟೇ ಬಂದವನು, ಈಗಲೇ ಹೊರಡುವವನು.

ನವಿಲು ಮಾರ್ಕಿನ ಹಂಚಿನ ಕಾರ್ಖಾನೆ, ಗುಮಾಸ್ತ ಸಂಜೀವ ಗಟ್ಟಿ.
ಬರೆಯುತ್ತಿದ್ದದ್ದು ನಮ್ಮ ಲೆಕ್ಕವಲ್ಲ.
ಹೊಳೆಯ ತಿರುವಿನಲ್ಲಿ ಲಂಗರು ಮಾರ್ಕಿನವರು
ಈ ತಿಂಗಳು ಎಷ್ಟು ಸುಟ್ಟರು, ಎಷ್ಟು ಸುರಿದರು.

ಆವೆಮಣ್ಣಿನ ದೋಣಿ ದಿನಕ್ಕೆ ಏಳು.
ತುಂಬಿದೆಯೋ ಅರೆಯೋ? ಹೊಟ್ಟೆ ನೀರಿಗೆ ಎಷ್ಟು ಗೇಣು ಇಳಿದಿದೆ, ನೋಡು.
ಸೌದೆಯ ದೋಣಿ ಮೂರು.
ಹೊಗೆ ಕಪ್ಪಗಿದ್ದರೆ ಸೌದೆ ಹಸಿ,
ಸೌದೆ ಹಸಿಯಾದರೆ ಧಣಿಯ ಕೈ ಒಣ.
ಮಧ್ಯಾಹ್ನದ ಸೀಟಿಗೆ ಗೇಟು ದಾಟುವ ಬುತ್ತಿಯ ಡಬ್ಬಿ ನೂರ ತೊಂಬತ್ತು.
ಎಲ್ಲಕ್ಕೂ ನಮ್ಮ ದರ ಹಾಕು, ಕೂಡಿಸು.
ಸಿಕ್ಕಿತು.

ದೆಹಲಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಮೂವತ್ತೊಂದು ವರ್ಷ
ನಾನು ಮಾಡಿದ್ದೂ ಇದನ್ನೇ.
ಆಕಾಶದಿಂದ ತೆಗೆದ ಚಿತ್ರದಲ್ಲಿ ಕ್ರೇನಿನ ನೆರಳು,
ಬ್ಯಾರಕ್ಕಿನ ಚಾವಣಿ, ಅಂಗಳದಲ್ಲಿ ಒಣಹಾಕಿದ ಬಟ್ಟೆ.
ಅವರ ಬಜೆಟ್ಟಿನಲ್ಲಿ ಸೈನ್ಯಕ್ಕೆ ಒಂದೇ ಸಾಲು, ದುಂಡಗಿನ ಅಂಕಿ.
ದುಂಡಗಿನ ಅಂಕಿಯನ್ನು ಯಾರೂ ಖರ್ಚು ಮಾಡುವುದಿಲ್ಲ.
ಉಳಿದದ್ದು ವಿಜ್ಞಾನ, ರಸ್ತೆ, ಇತರೆ ಎಂಬ ಹೆಸರಿಟ್ಟುಕೊಂಡು
ಬೇರೆ ಪುಟಗಳಲ್ಲಿ ಮುಸುಕೆಳೆದು ಮಲಗಿರುತ್ತದೆ.

ಟ್ಯಾಂಕು ಎಣಿಸಿದೆ.
ನಾವೇ ಕಟ್ಟಿದರೆ ಎಷ್ಟಾದೀತೋ ಆ ದರ ಹಾಕಿದೆ.
ತಲೆ ಎಣಿಸಿದೆ, ನಮ್ಮ ಜವಾನನ ಸಂಬಳದಿಂದ ಗುಣಿಸಿದೆ.
ಒಂದು ವರ್ಷ ನಮ್ಮ ಜವಾನರ ಸಂಬಳ ಏರಿತು.
ಆ ರಾತ್ರಿ ನನ್ನ ಕಡತದಲ್ಲಿ
ಗಡಿಯಾಚೆಯ ಖರ್ಚು ನೂರಕ್ಕೆ ಹದಿನಾಲ್ಕು ಹೆಚ್ಚಿತ್ತು.
ಅಲ್ಲಿ ಒಬ್ಬನಿಗೂ ಹೊಸ ಬೂಟು ಬಂದಿರಲಿಲ್ಲ.

ಮೇಲಿನವರಿಗೆ ಹೇಳಿದೆ. ಅಡಿಟಿಪ್ಪಣಿ ಬರೆಯಿರಿ ಎಂದರು.
ಬರೆದೆ. ಕೋಣೆಯಿಂದ ಕೋಣೆಗೆ, ಮೇಜಿನಿಂದ ಮೇಜಿಗೆ ಹೋಗುತ್ತ
ಅದು ಹಳೇ ಹಂಚಿನ ಪಾಚಿಯಂತೆ ಉದುರಿತು.
ಅಂಕಿ ಮಾತ್ರ ತಲುಪಿತು.
ಅಂಕಿಗೆ ಹೆದರಿ ನಾವು ಇನ್ನಷ್ಟು ಕೊಂಡೆವು;
ಅಲ್ಲೂ ಒಬ್ಬಳು ಕೂತು ಅದನ್ನು ಎಣಿಸಿರಬೇಕು.

ಎರಡೂ ಕಾರ್ಖಾನೆ ಬಾಗಿಲು ಹಾಕಿ, ಊರೆಲ್ಲ ತಾರಸಿಯಾದ ಮೇಲೆ
ಹಂಪನಕಟ್ಟೆಯ ಹೋಟೆಲಿನಲ್ಲಿ ಅಪ್ಪನ ಎದುರು ಒಬ್ಬ ಮುದುಕ ಕೂತನಂತೆ.
ಬೊನವೆಂಚರ್ ರೇಗೊ. ಲಂಗರು ಮಾರ್ಕಿನ ಗುಮಾಸ್ತ.
"ನಿಮ್ಮ ಕೊಡೆ ನನಗೆ ಗುರ್ತ ಉಂಟು ಮಾರಾಯ್ರೆ.
ಹನ್ನೊಂದು ವರ್ಷ ನೋಡಿದ್ದೇನೆ,
ಬಿಡಿಸಿದ್ದನ್ನು ಒಂದು ದಿವಸ ಕಾಣಲಿಲ್ಲ."

ಗೋಳಿಬಜೆ ತಣ್ಣಗಾಗುವ ತನಕ ಇಬ್ಬರೂ ಲೆಕ್ಕ ಒಪ್ಪಿಸಿದರು.
ರೇಗೊ ನಮ್ಮ ಸೌದೆಯನ್ನು ದುಪ್ಪಟ್ಟು ಬರೆದಿದ್ದ:
ಭಾನುವಾರ ಖಾಲಿ ಆವಿಗೆಗೆ ತೆಂಗಿನ ಮಡಲು ತುರುಕಿ
ನಮ್ಮ ಧಣಿ ಹೊಗೆ ಎಬ್ಬಿಸುತ್ತಿದ್ದರು.
ಅಪ್ಪ ಅವರ ಮಣ್ಣನ್ನು ಒಂದೂಮುಕ್ಕಾಲು ಪಾಲು ಬರೆದಿದ್ದರು:
ಏಳರಲ್ಲಿ ಮೂರು ದೋಣಿಯಲ್ಲಿದ್ದದ್ದು ಬರೀ ಹೊಯಿಗೆ,
ಬೆಳಗ್ಗೆ ಬಂದು, ಕತ್ತಲಾದ ಮೇಲೆ ವಾಪಸು ಹೋಗುವ ಅದೇ ಹೊಯಿಗೆ.
ಈ ಅಂಕಿಗಳನ್ನು ನಂಬಿ ಧಣಿಗಳಿಬ್ಬರೂ
ಸಾಲ ಎತ್ತಿ ಇನ್ನೊಂದೊಂದು ಆವಿಗೆ ಕಟ್ಟಿಸಿದ್ದರು.
ಎರಡಕ್ಕೂ ಬೆಂಕಿ ಬೀಳಲಿಲ್ಲ.

ಈಗ ಬಂದರಿನ ಕಡವಿನಲ್ಲಿ ಬೆಂಗ್ರೆಯ ದೋಣಿಗೆ ಕಾಯುತ್ತ
ಕೊಡೆ ಬಿಡಿಸಿಯೇ ನಿಲ್ಲುತ್ತೇನೆ.
ಹಾದುಹೋಗುವ ದೋಣಿಯ ಹೊಟ್ಟೆ ಎಷ್ಟು ಗೇಣು ಎಂದು
ಕಣ್ಣು ತಾನೇ ಅಳೆಯುತ್ತದೆ.

ಕೊನೆಯ ಮಳೆಗಾಲದಲ್ಲಿ ಅಪ್ಪನನ್ನು ಕೇಳಿದ್ದೆ:
ಅವರದ್ದು ಬಿಡಿ, ನಮ್ಮದು ಎಷ್ಟಿತ್ತು? ನವಿಲು ಮಾರ್ಕಿನ ಖರ್ಚು?
ಅಪ್ಪ ಬಹಳ ಹೊತ್ತು ಯೋಚಿಸಿದರು.
"ಆ ಪುಸ್ತಕ ನನಗೆ ತೋರಿಸಿದವರಿಲ್ಲ.
ದರದ ಪಟ್ಟಿ ಮಾತ್ರ ಕೊಡುತ್ತಿದ್ದರು."
ಮತ್ತೆ, ಗೋಡೆಯ ಕಡೆ ಹೊರಳುತ್ತ,
"ರೇಗೊನಲ್ಲಿ ಕೇಳಬೇಕಿತ್ತು."